ಸಂಜೆ ಬೇಗ ಕತ್ತಲಾದರೆ ಕೈಗೆ ಏನು ಕೆಲಸ ಕೊಡುತ್ತೀರಿ?

ಬೆಚ್ಚನೆಯ ಮೂಲೆ:

ಚಳಿ ಶುರುವಾದಾಗಿನಿಂದ ನನ್ನದು ಒಂದೇ ಗೋಳು. ಕೆಲಸ ಮುಗಿಸಿ ತಲೆಯೆತ್ತುವಷ್ಟರಲ್ಲಿ ಕಿಟಕಿಯಾಚೆ ಕತ್ತಲು. ಹೊರಗೆ ಹೋದರೆ ಮೂಗು ಮರಗಟ್ಟುತ್ತದೆ, ಒಳಗೆ ಕೂತರೆ ಕೈ ತಾನಾಗಿ ಫೋನ್ ಕಡೆ ಹೋಗುತ್ತದೆ. ಊಟಕ್ಕೆ ಇನ್ನೂ ಎರಡು ಗಂಟೆ ಇರುತ್ತದೆ. ನಿನ್ನೆ ಆ ಎರಡು ಗಂಟೆಯಲ್ಲಿ ಏನೇನು ನೋಡಿದೆ ಅಂತ ಈಗ ನೆನಪು ಮಾಡಿಕೊಳ್ಳಲು ಕೂತರೆ ಒಂದೂ ಬರಲಿಲ್ಲ. ಹೆಬ್ಬೆರಳು ಮಾತ್ರ ನೋಯುತ್ತಿದೆ.

ಅದಕ್ಕೇ ಕೇಳುತ್ತಿದ್ದೇನೆ. ಈ ಹೊತ್ತಿನಲ್ಲಿ ನೀವು ಕೈಗೆ ಏನು ಕೆಲಸ ಕೊಡುತ್ತೀರಿ? ಬಾಯಿಗೆ ಹಾಕಿಕೊಳ್ಳುವಂಥದ್ದಾದರೂ ಸರಿ, ಕತ್ತರಿಸಿ ಅಂಟಿಸುವಂಥದ್ದಾದರೂ ಸರಿ. ಒಂದೆರಡು ಸಂಜೆಯಲ್ಲಿ ಮುಗಿಯಬೇಕು, ಹೆಚ್ಚೂಕಮ್ಮಿ ಮನೆಯಲ್ಲಿರುವ ಸಾಮಾನಿನಲ್ಲೇ ಆಗಬೇಕು. ಮತ್ತೆ ನಾನು ಶುದ್ಧ ಆರಂಭಶೂರ ಅನ್ನುವುದನ್ನು ಮನಸ್ಸಿನಲ್ಲಿ ಇಟ್ಟುಕೊಂಡೇ ಹೇಳಿ. ಅರ್ಧಕ್ಕೆ ಬಿಟ್ಟ ಹವ್ಯಾಸಗಳದ್ದೇ ಒಂದು ಪೆಟ್ಟಿಗೆ ಮಂಚದ ಕೆಳಗಿದೆ. ಅದರಲ್ಲಿ ಒಂದು ದಪ್ಪ ಉಲ್ಲನ್ ಉಂಡೆ ಇದೆ, ಎರಡು ಕಡ್ಡಿ ಇವೆ. ಯಾವ ಧೈರ್ಯದ ಮೇಲೆ ತಂದೆನೋ ನನಗೇ ಗೊತ್ತಿಲ್ಲ.

ಪಾಕದ ಪಂಡಿತ:

ಒಲೆ ಮುಂದೆ ನಿಲ್ಲುವ ಕೆಲಸವೇ ಚಳಿಗೆ ಮೊದಲ ಮದ್ದು. ಸಕ್ಕರೆ ಪಾಕ ಹಿಡಿದು ಬೀಜದ ಗಟ್ಟಿ ಮಿಠಾಯಿ ಮಾಡಿ. ಅರ್ಧ ಗಂಟೆಯ ಕೆಲಸ.

200 ಗ್ರಾಂ ಸಕ್ಕರೆ, ಕಾಲು ಕಪ್ ನೀರು, 150 ಗ್ರಾಂ ಹುರಿದ ಬೀಜ. ಕಡಲೆಬೀಜ, ಬಾದಾಮಿ, ಕುಂಬಳದ ಬೀಜ, ಏನಿದೆಯೋ ಅದು. ಸ್ವಲ್ಪ ಬೆಣ್ಣೆ, ಚಿಟಿಕೆ ಉಪ್ಪು, ಅರ್ಧ ಚಮಚ ಅಡುಗೆ ಸೋಡಾ. ದಪ್ಪ ತಳದ ಪಾತ್ರೆಯಲ್ಲಿ ಸಕ್ಕರೆ, ನೀರು ಹಾಕಿ ಕರಗುವ ತನಕ ಕೈಯಾಡಿಸಿ. ಕುದಿ ಬಂದ ಮೇಲೆ ಸೌಟು ಕೆಳಗಿಡಿ, ಮತ್ತೆ ಮುಟ್ಟಬೇಡಿ. ಮೊದಲು ದೊಡ್ಡ ಗುಳ್ಳೆಗಳು ದಡಬಡ ಏಳುತ್ತವೆ, ಆಮೇಲೆ ಸಣ್ಣದಾಗಿ, ನಿಧಾನವಾಗಿ, ಮಂದವಾಗಿ ಏಳುತ್ತವೆ. ಬಣ್ಣ ಜೇನಿನ ಹಾಗೆ ತಿರುಗಿದ ತಕ್ಷಣ ಒಂದು ಹನಿಯನ್ನು ತಣ್ಣೀರಿಗೆ ಬಿಡಿ. ಮೆತ್ತಗೆ ಉಂಡೆಯಾದರೆ ಇನ್ನೂ ಆಗಿಲ್ಲ. ತೆಗೆದು ಮುರಿದಾಗ ಗಾಜಿನ ಹಾಗೆ ಟಕ್ ಅಂದರೆ ಆಯಿತು. ಥರ್ಮಾಮೀಟರ್ ಇದ್ದವರಿಗೆ 150 ಡಿಗ್ರಿ ಸೆಲ್ಸಿಯಸ್ ಆಸುಪಾಸು. ಅದು ದಾಟಿ 170 ಹತ್ತಿರ ಹೋದರೆ ಕಪ್ಪಾಗಿ ಕಹಿಯಾಗಲು ಹೆಚ್ಚು ಹೊತ್ತು ಬೇಡ.

ಆಮೇಲೆ ಉರಿ ಆರಿಸಿ, ಬೆಣ್ಣೆ, ಉಪ್ಪು, ಬೀಜ ಹಾಕಿ. ಕೊನೆಗೆ ಸೋಡಾ. ಬುಸ್ ಅಂತ ನೊರೆ ಏಳುತ್ತದೆ, ಹೆದರಬೇಡಿ. ಆ ಗಾಳಿಗುಳ್ಳೆಗಳೇ ಒಳಗೆ ಸಿಕ್ಕಿಕೊಂಡು ಮಿಠಾಯಿಯನ್ನು ಹಲ್ಲಿಗೆ ಹಗುರ ಮಾಡುತ್ತವೆ. ಬೆಣ್ಣೆ ಕಾಗದ ಹಾಸಿದ ತಟ್ಟೆಗೆ ಸುರಿದು ಬೇಗ ಬೇಗ ಹರಡಿ, ಆರಿದ ಮೇಲೆ ಕೈಯಲ್ಲೇ ಮುರಿಯಿರಿ. ಬೀಜ ಮಾತ್ರ ಬಿಸಿಯಾಗಿರಲಿ. ತಣ್ಣನೆಯದು ಹಾಕಿದರೆ ಪಾಕ ಅಲ್ಲೇ ಕಟ್ಟಿಕೊಳ್ಳುತ್ತದೆ.

ಇದನ್ನು ಚಳಿಗಾಲಕ್ಕೇ ಇಟ್ಟುಕೊಳ್ಳುವುದಕ್ಕೆ ಕಾರಣ ಇದೆ. ಸಕ್ಕರೆ ಗಾಳಿಯಲ್ಲಿರುವ ತೇವ ಎಳೆದುಕೊಳ್ಳುತ್ತದೆ. ಮಳೆಗಾಲದಲ್ಲಿ ಮಾಡಿದ್ದು ಮಾರನೇ ದಿನಕ್ಕೆ ಅಂಟಂಟು. ಒಣ ಚಳಿಯಲ್ಲಿ ಬಿಗಿ ಮುಚ್ಚಳದ ಡಬ್ಬಿಗೆ ಹಾಕಿಟ್ಟರೆ ವಾರಗಟ್ಟಲೆ ಟಕ್ ಟಕ್. ಉಳಿದರೆ ತಾನೇ, ಅದು ಬೇರೆ ಮಾತು.

ಪಕ್ಕದಲ್ಲಿ ಒಂದು ಬೋಗುಣಿ ತಣ್ಣೀರು ಇರಲಿ. ಪಾಕ ಕೈಗೆ ಬಿದ್ದರೆ ಅಂಟಿಕೊಂಡು ಸುಡುತ್ತಲೇ ಇರುತ್ತದೆ, ಬಿಸಿನೀರಿನ ಹಾಗಲ್ಲ. ಮಕ್ಕಳು ಎರಡು ಮಾರು ದೂರ ನಿಲ್ಲಲಿ.

ಉಲ್ಲನ್ ಉಂಡೆ:

ಮೂಲೆಯವರೇ, ಮೊದಲು ಮಂಚದ ಕೆಳಗಿನ ಆ ಪೆಟ್ಟಿಗೆ ಎಳೆಯಿರಿ! ದಪ್ಪ ಉಲ್ಲನ್ ಅಂದಿರಲ್ಲ, ಕಡ್ಡಿ 6 ಅಥವಾ 8 ಮಿಲಿಮೀಟರ್ ಇದ್ದರೆ ಕೂತ ಕೂತಲ್ಲೇ ಉದ್ದ ಬೆಳೆಯುತ್ತದೆ. ಸಣ್ಣ ಕಡ್ಡಿ, ಸಣ್ಣ ನೂಲು ತಗೊಂಡವರೆಲ್ಲ ಎರಡು ಇಂಚಿಗೆ ಸುಸ್ತಾಗಿ ಬಿಡುವುದನ್ನು ನೋಡಿದ್ದೇನೆ.

ನನ್ನ ಮೊದಲ ಮಫ್ಲರ್ ಕಥೆ ಹೇಳುತ್ತೇನೆ, ನೀವು ಆ ತಪ್ಪು ಮಾಡಬೇಡಿ. ಒಂದು ಸಾಲು ಸೀದಾ, ಒಂದು ಸಾಲು ಉಲ್ಟಾ ಅಂತ ಹಾಕುತ್ತಾ ಹೋದೆ. ಅಂಗಡಿ ಸ್ವೆಟರ್ ಹಾಗೆ ಮುಂದೆ ನುಣ್ಣಗೆ ಬರುತ್ತದಲ್ಲ, ಆ ಹೆಣಿಗೆ. ಹದಿನೈದು ದಿನ ಕೂತು ಮುಗಿಸಿ ಕಡ್ಡಿಯಿಂದ ಬಿಡಿಸಿದರೆ ಎರಡೂ ಅಂಚು ಒಳಗೆ ಸುತ್ತಿಕೊಂಡು ಮಫ್ಲರ್ ಹೋಗಿ ಕೊಳವೆಯಾಯಿತು. ಇಸ್ತ್ರಿ ಹಾಕಿದೆ, ಒದ್ದೆ ಮಾಡಿ ಗುಂಡುಪಿನ್ನು ಚುಚ್ಚಿ ಒಣಗಿಸಿದೆ. ಕುತ್ತಿಗೆಗೆ ಹಾಕಿಕೊಂಡು ಹತ್ತು ಹೆಜ್ಜೆ ಇಡುವಷ್ಟರಲ್ಲಿ ಮತ್ತೆ ಕೊಳವೆ.

ಆಮೇಲೆ ಗೊತ್ತಾಯಿತು, ಆ ಹೆಣಿಗೆಯ ಗುಣವೇ ಅದು. ಒಂದು ಮುಖದಲ್ಲಿ ಎಲ್ಲಾ ಸೀದಾ, ಇನ್ನೊಂದು ಮುಖದಲ್ಲಿ ಎಲ್ಲಾ ಉಲ್ಟಾ. ಎರಡು ಕಡೆಯ ಎಳೆತ ಒಂದೇ ಸಮ ಇರುವುದಿಲ್ಲ, ಹಾಗಾಗಿ ಸುತ್ತಿಕೊಳ್ಳುತ್ತದೆ. ಪ್ರತಿ ಸಾಲೂ ಸೀದಾ ಹಾಕಿದರೆ ಎರಡೂ ಮುಖ ಒಂದೇ ಥರ, ಏರು ತಗ್ಗಾಗಿ ಬರುತ್ತದೆ, ಚಪ್ಪಟೆಯಾಗಿ ಮಲಗಿರುತ್ತದೆ. ಉಲ್ಟಾ ಕಲಿಯುವ ಗೋಜೇ ಇಲ್ಲ. ಅಗಲಕ್ಕೆ 20 ಕುಣಿಕೆ ಹಾಕಿಕೊಳ್ಳಿ. ಸಾಲು ಮುಗಿದಾಗಲೆಲ್ಲ ಎಣಿಸಿ. 20 ಇದ್ದದ್ದು 23 ಆಗಿದ್ದರೆ ಎಲ್ಲೋ ನೂಲನ್ನು ಸುಮ್ನೆ ಮುಂದಕ್ಕೆ ತಂದಿದ್ದೀರಿ, 18 ಆಗಿದ್ದರೆ ಎಲ್ಲೋ ಬಿಟ್ಟಿದ್ದೀರಿ. ನಾಲ್ಕು ಸಾಲು ಬಿಚ್ಚುವುದಕ್ಕೆ ಅಳಬೇಡಿ. ಬಿಚ್ಚುವುದೂ ಹೆಣಿಗೆಯೇ.

ಸೋಮಾರಿ ಬೆಕ್ಕು:

ಎಲ್ಲರೂ ಬೈದರೂ ಪರವಾಗಿಲ್ಲ, ಒಂದು ಮಾತು. ಇದಕ್ಕೆಲ್ಲಾ ಯಾಕೆ ಅಷ್ಟು ಒದ್ದಾಟ? ಹಗಲಿಡೀ ಕೆಲಸ ಮಾಡಿ ಸಂಜೆಗೂ ಇನ್ನೊಂದು ಕೆಲಸದ ಪಟ್ಟಿಯಾ? ನಾನು ಒಂದು ದೊಡ್ಡ ಕಪ್ಪಿನಲ್ಲಿ ಸೂಪ್ ಹಾಕಿಕೊಂಡು, ಕಾಲಿಗೆ ಕಂಬಳಿ ಸುತ್ತಿಕೊಂಡು, ದೀಪ ಆರಿಸಿ ಕಿಟಕಿ ಹತ್ತಿರ ಕೂರುತ್ತೇನೆ. ಗಾಜಿನ ಮೇಲೆ ಉಸಿರು ಬಿಟ್ಟು ಬೆರಳಲ್ಲಿ ಮೀನು ಬರೆಯುತ್ತೇನೆ. ಅದು ಅಳಿಸಿಹೋಗುತ್ತದೆ. ಇನ್ನೊಂದು ಬರೆಯುತ್ತೇನೆ. ಅಷ್ಟೇ ನನ್ನ ಕರಕುಶಲ.

ಬೆಚ್ಚನೆಯ ಮೂಲೆ:

ಬೆಕ್ಕಿನವರೇ, ನಿಮಗೆ ಬೈಯುವುದಿಲ್ಲ, ಹೊಟ್ಟೆಕಿಚ್ಚು ಪಡುತ್ತೇನೆ. ನನಗೆ ಸುಮ್ಮನೆ ಕೂರುವುದು ಬರುವುದಿಲ್ಲ. ಐದು ನಿಮಿಷಕ್ಕೆ ಕೈ ಜೇಬಿಗೆ ಹೋಗುತ್ತದೆ. ಕೈಗೆ ಹಿಟ್ಟೋ ಅಂಟೋ ಮೆತ್ತಿಕೊಂಡಿದ್ದರೆ ಫೋನ್ ಮುಟ್ಟಲು ಆಗುವುದಿಲ್ಲವಲ್ಲ, ಆ ದುರಾಸೆ ನನ್ನದು.

ಕತ್ತರಿ ಕಾಗದ:

ಹಾಗಾದರೆ ಅಂಟೂ ಬೇಡದ ಕೆಲಸ ಹೇಳುತ್ತೇನೆ. ಒಂದು ತೆಳು ಕಾಗದ, ಒಂದು ಚೂಪು ಕತ್ತರಿ. ಕಾಗದದ ಹಿಮಹೂವು.

ಇದನ್ನು ಎಲ್ಲರೂ ಮಾಡುತ್ತಾರೆ, ಮುಕ್ಕಾಲು ಪಾಲು ಜನ ತಪ್ಪು ಮಾಡುತ್ತಾರೆ. ಕಾಗದವನ್ನು ಅರ್ಧ, ಮತ್ತೆ ಅರ್ಧ, ಮತ್ತೆ ಅರ್ಧ ಮಡಚಿ ಕತ್ತರಿಸಿದರೆ ಬರುವುದು ನಾಲ್ಕು ಅಥವಾ ಎಂಟು ಮೂಲೆಯ ಹೂವು. ನಿಜವಾದ ಹಿಮದ ಹರಳಿಗೆ ಆರು ಮೂಲೆ. ಅಪರೂಪಕ್ಕೆ ಎರಡು ಹರಳು ಒಂದಕ್ಕೊಂದು ಕೂಡಿಕೊಂಡು ಹನ್ನೆರಡು ಇರುತ್ತದೆ. ಎಂಟು ಮಾತ್ರ ಇಲ್ಲ. ನೀರಿನ ಅಣುಗಳು ಹೆಪ್ಪುಗಟ್ಟುವಾಗ ಜೇನುಗೂಡಿನ ಹಾಗೆ ಆರು ಬದಿಯ ಜೋಡಣೆಯಲ್ಲಿ ಸಾಲುಗಟ್ಟುತ್ತವೆ, ಆ ಆರೇ ಹೊರಗೂ ಕಾಣುತ್ತದೆ. ಖಗೋಳಶಾಸ್ತ್ರಜ್ಞ ಕೆಪ್ಲರ್ 1611ರಲ್ಲೇ ಇದಕ್ಕೆ ತಲೆ ಕೆಡಿಸಿಕೊಂಡಿದ್ದ. ಯಾಕೆ ಯಾವಾಗಲೂ ಆರು, ಐದು ಯಾಕಲ್ಲ, ಏಳು ಯಾಕಲ್ಲ ಅಂತ ಒಂದು ಪುಟ್ಟ ಪುಸ್ತಕವನ್ನೇ ಬರೆದು ಸ್ನೇಹಿತನಿಗೆ ಹೊಸ ವರ್ಷದ ಕಾಣಿಕೆ ಕೊಟ್ಟ. ಪೂರ್ತಿ ಉತ್ತರ ಅವನಿಗೆ ಸಿಗಲಿಲ್ಲ. ಅಣುಗಳ ವಿಷಯ ಆಗ ಯಾರಿಗೂ ಗೊತ್ತಿರಲಿಲ್ಲವಲ್ಲ.

ಮಡಿಕೆ ಹೀಗೆ. ಚೌಕದ ಕಾಗದವನ್ನು ಮೂಲೆಯಿಂದ ಮೂಲೆಗೆ ಮಡಚಿ, ತ್ರಿಕೋನವಾಗುತ್ತದೆ. ಅದನ್ನು ಇನ್ನೊಮ್ಮೆ ಅರ್ಧ ಮಡಚಿ. ಈಗ ಕಾಗದದ ನಡುಮಧ್ಯ ಯಾವ ಮೂಲೆಯಲ್ಲಿದೆ ನೋಡಿಕೊಳ್ಳಿ. ಆ ಮೂಲೆಯನ್ನು ಕೆಳಗೆ ಹಿಡಿದು ಮೂರು ಸಮಪಾಲು ಮಾಡಬೇಕು. ಎಡಭಾಗವನ್ನು ಬಲಕ್ಕೆ ಮಡಚಿ, ಅದರ ಮೇಲೆ ಬಲಭಾಗವನ್ನು ಎಡಕ್ಕೆ ಮಡಚಿ. ಎರಡೂ ಅಂಚು ಸರಿಯಾಗಿ ಕೂರುವ ತನಕ ಸ್ವಲ್ಪ ಜರುಗಿಸುತ್ತಿರಿ, ಕೂತ ಮೇಲೆ ಉಗುರಿನಿಂದ ಗೀರಿ. ಐಸ್‌ಕ್ರೀಮ್ ಕೋನಿನ ಹಾಗೆ ಕಾಣುತ್ತದೆ, ಮೇಲೆ ಎರಡು ಕಿವಿ. ಕಿವಿಗಳನ್ನು ಓರೆಯಾಗಿ ಕತ್ತರಿಸಿ ಬಿಸಾಕಿ. ಉಳಿದದ್ದರಲ್ಲಿ ಹನ್ನೆರಡು ಪದರ ಇರುತ್ತದೆ, ಅದಕ್ಕೇ ತೆಳು ಕಾಗದ ಅಂದದ್ದು. ಎರಡೂ ಬದಿಯ ಮಡಿಕೆಯಲ್ಲಿ ಕಚ್ಚು ಹಾಕಿ. ಒಂದು ಬದಿಯಿಂದ ಇನ್ನೊಂದು ಬದಿಗೆ ಪೂರ್ತಿ ಕತ್ತರಿಸಿಬಿಟ್ಟರೆ ಹೂವು ಹೋಗಿ ಚೂರು ಉಳಿಯುತ್ತದೆ.

ಬಿಚ್ಚುವಾಗ ನಿಧಾನ. ಆ ಹತ್ತು ಸೆಕೆಂಡಿಗೋಸ್ಕರವೇ ನಾನು ಇದನ್ನು ಮಾಡುವುದು.

ಎರಡು ಮಕ್ಕಳ ಅಮ್ಮ:

ಕತ್ತರಿಯವರೇ, ನಿಮ್ಮಿಂದ ಮನೆಯಲ್ಲಿ ಜಗಳ ಶುರುವಾಗಿದೆ. ಕಿಟಕಿ ತುಂಬಾ ಎಂಟು ಮೂಲೆಯ ಹೂವುಗಳಿವೆ. ದೊಡ್ಡವಳು ನಿಮ್ಮ ಮಾತು ಓದಿ ಎಲ್ಲಾ ಕಿತ್ತು ಹಾಕಬೇಕು ಅಂತಾಳೆ. ಚಿಕ್ಕವನು ಇದು ನನ್ನ ಹಿಮ, ನನ್ನ ಹಿಮಕ್ಕೆ ಎಂಟೇ ಅಂತ ಹಟ ಹಿಡಿದಿದ್ದಾನೆ. ಸದ್ಯಕ್ಕೆ ಎಡಗಡೆ ಕಿಟಕಿಗೆ ಆರು, ಬಲಗಡೆಗೆ ಎಂಟು ಅಂತ ರಾಜಿಯಾಗಿದೆ.

ನಾವು ಮಾಡುವ ಇನ್ನೊಂದು, ಮಂಜುಗಡ್ಡೆಯ ದೀಪದ ಗೂಡು. ಹೊರಗೆ ನೀರು ಹೆಪ್ಪುಗಟ್ಟುವಷ್ಟು ಚಳಿ ಇರುವವರು ಒಂದು ಬಕೆಟ್ ನೀರು ರಾತ್ರಿ ಹೊರಗಿಟ್ಟರೆ ಸಾಕು. ಮೇಲಿನಿಂದ, ಬದಿಯಿಂದ ಗಟ್ಟಿಯಾಗುತ್ತಾ ಬರುತ್ತದೆ, ಒಳಗೆ ನೀರೇ ಇರುತ್ತದೆ. ಬೆಳಿಗ್ಗೆ ಬೋರಲು ಹಾಕಿ, ಆ ನೀರು ಚೆಲ್ಲಿದರೆ ಟೊಳ್ಳು ಗೂಡು ಸಿದ್ಧ. ಅಷ್ಟು ಚಳಿ ಇಲ್ಲದವರಿಗೆ ಫ್ರೀಜರ್ ಇದೆ. ದೊಡ್ಡ ಬಟ್ಟಲೊಳಗೆ ಚಿಕ್ಕ ಬಟ್ಟಲು, ಚಿಕ್ಕದು ತೇಲದಂತೆ ಒಳಗೆ ಕಲ್ಲು, ನಡುವಿನ ಸಂದಿಗೆ ನೀರು. ನೀರಲ್ಲಿ ಎಲೆ, ಹೂವು, ಕಿತ್ತಳೆ ಬಿಲ್ಲೆ ಏನಾದರೂ ಇಳಿಬಿಡಿ. ಗಾಜಿನ ಬಟ್ಟಲು ಬೇಡ, ನೀರು ಹೆಪ್ಪುಗಟ್ಟಿ ಹಿಗ್ಗಿದಾಗ ಒಡೆಯುತ್ತದೆ. ನನ್ನದು ಒಡೆದಿದೆ. ಫ್ರೀಜರಿನ ಮೂಲೆಯಲ್ಲಿ ಈಗಲೂ ಒಂದೊಂದು ಚೂರು ಸಿಗುತ್ತದೆ.

ಒಳಗೆ ಒಂದು ಪುಟ್ಟ ಮೇಣದ ಬತ್ತಿ ಹಚ್ಚಿಟ್ಟರೆ ಗೋಡೆ ಮೇಲೆ ಎಲೆಯ ನರವೂ ಕಾಣುತ್ತದೆ. ಕೆಳಗೆ ತಟ್ಟೆ ಮರೆಯಬೇಡಿ, ಕರಗಿ ಹರಿಯುತ್ತದೆ.

ಹಿಟ್ಟಿನ ಕೈ:

ಚಳಿಗಾಲದಲ್ಲಿ ಬ್ರೆಡ್ ಹಿಟ್ಟು ಉಬ್ಬುವುದಿಲ್ಲ ಅಂತ ಗೊಣಗುವವರೇ ಎಲ್ಲಾ. ನನಗೆ ಉಲ್ಟಾ, ನಾನು ವರ್ಷವಿಡೀ ಈ ಚಳಿಗೇ ಕಾಯುವುದು. ಹಿಟ್ಟು ಬೇಗ ಉಬ್ಬಿದರೆ ಬ್ರೆಡ್ಡಿಗೆ ರುಚಿಯೇ ಇರುವುದಿಲ್ಲ. ತಣ್ಣನೆಯ ಕೋಣೆಯಲ್ಲಿ ಯೀಸ್ಟ್ ನಿಧಾನಕ್ಕೆ ಕೆಲಸ ಮಾಡುತ್ತದೆ, ಆ ನಿಧಾನದಲ್ಲೇ ಹುಳಿ, ಪರಿಮಳ ಎಲ್ಲಾ ಬರುವುದು.

400 ಗ್ರಾಂ ಮೈದಾ, 300 ಗ್ರಾಂ ನೀರು, 8 ಗ್ರಾಂ ಉಪ್ಪು, ಕಾಲು ಟೀ ಚಮಚ ಒಣ ಯೀಸ್ಟ್. ಚಮಚದಲ್ಲೇ ಕಲಸಿ, ನಾದುವುದು ಬೇಡ. ಅಂಟಂಟಾಗಿ ಅಸಹ್ಯವಾಗಿ ಕಾಣುತ್ತದೆ, ಇರಲಿ. ಮುಚ್ಚಿಟ್ಟು ಮಲಗಿ. 12ರಿಂದ 18 ಗಂಟೆ ಬಿಟ್ಟು ನೋಡಿದರೆ ಮೇಲೆಲ್ಲ ಗುಳ್ಳೆ, ಮುಟ್ಟಿದರೆ ಜೆಲ್ಲಿಯ ಹಾಗೆ ಅಲುಗುತ್ತದೆ. ಮನೆ ಜಾಸ್ತಿ ತಣ್ಣಗಿದ್ದರೆ ಇನ್ನೂ ನಾಲ್ಕು ಗಂಟೆ ಬೇಕಾಗಬಹುದು, ಗಡಿಯಾರ ನೋಡಬೇಡಿ, ಗುಳ್ಳೆ ನೋಡಿ. ಹಿಟ್ಟು ಉದುರಿಸಿಕೊಂಡು ಉಂಡೆ ಮಾಡಿ, ಇನ್ನೊಂದೂವರೆ ಗಂಟೆ ಬಿಡಿ. ಮುಚ್ಚಳವಿರುವ ದಪ್ಪ ಪಾತ್ರೆಯನ್ನು 230 ಡಿಗ್ರಿ ಓವನ್ನಿನಲ್ಲಿ ಮೊದಲೇ ಕಾಯಿಸಿ, ಅದರೊಳಗೆ ಉಂಡೆ ಇಟ್ಟು ಮುಚ್ಚಿ 30 ನಿಮಿಷ, ಮುಚ್ಚಳ ತೆಗೆದು 15 ನಿಮಿಷ. ಹಿಟ್ಟಿನ ಹಬೆ ಪಾತ್ರೆಯೊಳಗೇ ಉಳಿಯುವುದರಿಂದ ಮೇಲ್ಪದರ ಗರಿಗರಿ.

ಹೊರಗೆ ತೆಗೆದ ಮೇಲೆ ಕಿವಿ ಹತ್ತಿರ ಹಿಡಿಯಿರಿ. ತಣ್ಣನೆಯ ಗಾಳಿ ತಾಗಿ ಸಿಪ್ಪೆ ಬಿರುಕು ಬಿಡುವ ಸದ್ದು ಬರುತ್ತದೆ, ಚಿಟ್ ಚಿಟ್ ಚಿಟ್. ನಮ್ಮ ಮನೆಯಲ್ಲಿ ಅದಕ್ಕೆ ಬ್ರೆಡ್ ಮಾತಾಡ್ತಿದೆ ಅಂತ ಹೇಳುವುದು. ಮಾತು ನಿಲ್ಲುವ ತನಕ ಚಾಕು ಹಾಕುವಂತಿಲ್ಲ.

ಬೆಚ್ಚನೆಯ ಮೂಲೆ:

ಪಂಡಿತರೇ, ಕಾಪಾಡಿ. ಮಿಠಾಯಿ ಮಾಡಲು ಹೋದೆ. ಪಾತ್ರೆಯಲ್ಲಿ ಈಗ ಬಿಳಿ ಮರಳಿದೆ. ನಿಜವಾಗಿಯೂ ಮರಳು. ಕೈಯಲ್ಲಿ ಎತ್ತಿದರೆ ಉದುರುತ್ತದೆ.

ಪಾಕದ ಪಂಡಿತ:

ಸೌಟು ಆಡಿಸಿದಿರಿ ಅಲ್ವಾ?

ಬೆಚ್ಚನೆಯ ಮೂಲೆ:

ಒಂದೇ ಒಂದು ಸಲ. ತಳ ಹಿಡಿಯುತ್ತಿದೆಯೇನೋ ಅನ್ನಿಸಿತು.

ಪಾಕದ ಪಂಡಿತ:

ಎಲ್ಲರಿಗೂ ಅನ್ನಿಸುತ್ತದೆ. ಕರಗಿದ ಸಕ್ಕರೆಗೆ ಮತ್ತೆ ಹರಳಾಗುವ ಹಂಬಲ ಇರುತ್ತದೆ. ಕಲಕಿದರೂ ಸಾಕು, ಪಾತ್ರೆ ಬದಿಗೆ ಅಂಟಿದ ನಾಲ್ಕು ಕಾಳು ಒಳಗೆ ಬಿದ್ದರೂ ಸಾಕು, ಒಂದನ್ನು ನೋಡಿ ಇನ್ನೊಂದು ಹರಳಾಗುತ್ತಾ ಇಡೀ ಪಾಕ ಮರಳಾಗಿಬಿಡುತ್ತದೆ. ಬಿಸಾಕಬೇಡಿ. ಬೀಜ ಇನ್ನೂ ಹಾಕಿಲ್ಲ ತಾನೇ? ಅದಕ್ಕೇ ಮತ್ತೆ ಕಾಲು ಕಪ್ ನೀರು ಸುರಿದು ಪೂರ್ತಿ ಕರಗಿಸಿ, ಮೊದಲಿನಿಂದ ಶುರು ಮಾಡಿ. ಈ ಸಲ ಅರ್ಧ ಚಮಚ ನಿಂಬೆರಸ ಹಾಕಿ. ಹುಳಿ ಸೇರಿದರೆ ಸಕ್ಕರೆ ಸ್ವಲ್ಪ ಭಾಗ ಒಡೆದು ಗ್ಲೂಕೋಸ್, ಫ್ರಕ್ಟೋಸ್ ಆಗುತ್ತದೆ, ಅವು ಮಧ್ಯೆ ಬಂದು ಹರಳು ಕಟ್ಟಲು ಬಿಡುವುದಿಲ್ಲ. ಬದಿಗೆ ಅಂಟಿದ್ದನ್ನು ಒದ್ದೆ ಬ್ರಷ್ಷಿನಿಂದ ಒರೆಸಿ ಇಳಿಸಿ. ಕೈ ಸುಮ್ಮನಿರುವುದಿಲ್ಲ ಅಂದರೆ ಪಾತ್ರೆಯ ಹಿಡಿ ಹಿಡಿದು ಮೆಲ್ಲಗೆ ಓಲಾಡಿಸಿ. ಸೌಟನ್ನು ಬೇರೆ ಕೋಣೆಯಲ್ಲಿಟ್ಟು ಬನ್ನಿ.

ತೂತು ಸ್ವೆಟರ್:

ಹಾಳು ಮಾಡಿಕೊಂಡವರ ಸರದಿಯಾ? ನನ್ನದೂ ಇದೆ. ಅಪ್ಪಟ ಉಣ್ಣೆಯ ಸ್ವೆಟರನ್ನು ಗೊತ್ತಿಲ್ಲದೆ ಬೇರೆ ಬಟ್ಟೆ ಜೊತೆ ಬಿಸಿನೀರಿಗೆ ಮೆಷಿನ್‌ಗೆ ಹಾಕಿಬಿಟ್ಟೆ. ಹೊರಗೆ ಬಂದದ್ದು ಐದು ವರ್ಷದ ಮಗುವಿನ ಅಳತೆ, ರಟ್ಟಿನಷ್ಟು ದಪ್ಪ. ಉಣ್ಣೆಯ ಎಳೆಗೆ ಮೀನಿನ ಮೈಗೆ ಇರುವಂಥ ಸಣ್ಣ ಸಣ್ಣ ಹುರುಪೆ ಇರುತ್ತದೆ. ಬಿಸಿ, ಸೋಪು, ಕುಲುಕಾಟ ಮೂರೂ ಸೇರಿದರೆ ಅವು ಒಂದಕ್ಕೊಂದು ಸಿಕ್ಕಿಕೊಂಡು ಬಿಗಿಯುತ್ತವೆ, ಮತ್ತೆ ಬಿಡಿಸಲು ಆಗುವುದಿಲ್ಲ. ಎರಡು ದಿನ ದುಃಖ ಪಟ್ಟೆ.

ಆಮೇಲೆ ಗೊತ್ತಾಯಿತು, ಹಾಗೆ ಬಿಗಿದ ಉಣ್ಣೆಯನ್ನು ಎಲ್ಲಿ ಕತ್ತರಿಸಿದರೂ ನೂಲು ಬಿಡುವುದಿಲ್ಲ, ಅಂಚು ಹೊಲಿಯುವ ಕೆಲಸವೇ ಇಲ್ಲ. ತೋಳುಗಳನ್ನು ಕತ್ತರಿಸಿ ಮುಂಗೈಗೆ ಹಾಕಿಕೊಂಡೆ, ಹೆಬ್ಬೆರಳಿಗೆ ಒಂದು ಸೀಳು ಅಷ್ಟೇ. ಬೆನ್ನಿನ ಭಾಗ ಬಿಸಿನೀರಿನ ಬಾಟಲಿಗೆ ಕವಚವಾಯಿತು. ಮುಂಭಾಗದಲ್ಲಿ ಬಿಸಿ ಪಾತ್ರೆ ಇಡಲು ಎರಡು ದುಂಡು ಚಾಪೆ. ಕುತ್ತಿಗೆಯ ಪಟ್ಟಿ ಬೆಕ್ಕಿಗೆ ಇಷ್ಟವಾಗಿ ಅದು ಎತ್ತಿಕೊಂಡು ಹೋಯಿತು. ಈಗ ಅಟ್ಟದ ಮೇಲಿನ ಹಳೇ ಸ್ವೆಟರ್‌ಗಳನ್ನು ಬೇಕಂತಲೇ ಬಿಸಿನೀರಿಗೆ ಹಾಕುತ್ತೇನೆ. ಅಕ್ರಿಲಿಕ್ ಆದರೆ ಏನೂ ಆಗುವುದಿಲ್ಲ, ಮೊದಲು ಲೇಬಲ್ ನೋಡಿ. ಮೆಷಿನ್‌ನಲ್ಲಿ ಒಗೆಯಬಹುದು ಅಂತ ಬರೆದ ಉಣ್ಣೆಯೂ ಬಿಗಿಯುವುದಿಲ್ಲ, ಅದರ ಹುರುಪೆಯನ್ನು ಮೊದಲೇ ಸವೆಸಿಯೋ ಮುಚ್ಚಿಯೋ ಇರುತ್ತಾರೆ.

ಸೂಜಿ ಹಿಡಿಯಲು ಬರುವವರಿಗೆ ಇನ್ನೊಂದು. ದಪ್ಪ ಹತ್ತಿ ಬಟ್ಟೆಯ ಚೀಲ ಹೊಲಿದು, ಮುಕ್ಕಾಲಿಗಿಂತ ಕಮ್ಮಿ ಅಕ್ಕಿ ತುಂಬಿ ಬಾಯಿ ಹೊಲಿಯಿರಿ. ಮೈಕ್ರೋವೇವಿನಲ್ಲಿ ಒಂದೂವರೆ ನಿಮಿಷ ಬಿಸಿ ಮಾಡಿ ಹಾಸಿಗೆಯ ಕಾಲ ಬುಡದಲ್ಲಿ ಇಟ್ಟರೆ, ಮಲಗಲು ಹೋದಾಗ ಪಾದಕ್ಕೆ ಸ್ವರ್ಗ.

ಎರಡು ಮಕ್ಕಳ ಅಮ್ಮ:

ಅಕ್ಕಿ ಚೀಲಕ್ಕೆ ಒಂದು ಎಚ್ಚರಿಕೆ ಸೇರಿಸುತ್ತೇನೆ. ಬಟ್ಟೆ, ದಾರ ಎರಡೂ ಶುದ್ಧ ಹತ್ತಿಯದೇ ಆಗಿರಲಿ, ಪಾಲಿಯೆಸ್ಟರ್ ಕರಗುತ್ತದೆ. ಜರಿ, ಜಿಪ್, ಗುಂಡಿ ಯಾವುದೂ ಬೇಡ. ಪಕ್ಕದಲ್ಲಿ ಒಂದು ಕಪ್ ನೀರಿಟ್ಟು ಬಿಸಿ ಮಾಡಿ, ಮೊದಲು ಒಂದು ನಿಮಿಷ, ಆಮೇಲೆ ಅರ್ಧರ್ಧ ನಿಮಿಷ, ಅಲ್ಲೇ ನಿಂತು ನೋಡಿ. ಪೂರ್ತಿ ತಣ್ಣಗಾಗದೆ ಮತ್ತೆ ಬಿಸಿ ಮಾಡಬಾರದು, ಅಕ್ಕಿ ಒಣಗಿ ಸೀಯುತ್ತದೆ, ಹೊತ್ತಿಕೊಂಡರೂ ಹೊತ್ತಿಕೊಂಡೀತು. ಕೂಸುಗಳಿಗೆ, ಕಾಲಿಗೆ ಸ್ಪರ್ಶ ಸರಿಯಾಗಿ ಗೊತ್ತಾಗದವರಿಗೆ ಇದು ಬೇಡ. ಸುಟ್ಟರೂ ಅವರಿಗೆ ಹೇಳಲು ಆಗುವುದಿಲ್ಲ.

ಉಲ್ಲನ್ ಉಂಡೆ:

ಉಣ್ಣೆ ಬಿಗಿಯುವುದನ್ನು ಓದಿ ನನ್ನ ಕೊಳವೆ ಮಫ್ಲರ್ ನೆನಪಾಯಿತು. ಅದನ್ನೂ ಬಿಸಿನೀರಿಗೆ ಹಾಕಿದ್ದರೆ ಸೀದಾ ಆಗುತ್ತಿತ್ತೇನೋ. ಬಾಗಿಲ ಕೆಳಗಿನ ಸಂದಿಯಿಂದ ಚಳಿಗಾಳಿ ಬರುತ್ತದೆ ಅಂತ ಎರಡೂ ತುದಿ ಹೊಲಿದು, ಹಳೇ ಬಟ್ಟೆ ತುರುಕಿ ಅಲ್ಲಿ ಮಲಗಿಸಿದ್ದೇನೆ. ಕೊಳವೆಯಾಗಿ ಹುಟ್ಟಿದ್ದಕ್ಕೆ ಕೊಳವೆಯ ಕೆಲಸವೇ ಸಿಕ್ಕಿತು.

ಸೋಮಾರಿ ಬೆಕ್ಕು:

ಸರಿ, ಸೋತೆ. ನಾನೂ ಒಂದು ಹೇಳುತ್ತೇನೆ, ಕೂತೇ ಮಾಡುವಂಥದ್ದು. ಬಿಸಿ ಚಾಕೊಲೇಟ್. ಕೋಕೋ ಪುಡಿಯನ್ನು ನೇರವಾಗಿ ಹಾಲಿಗೆ ಹಾಕಿ ಗಂಟು ಗಂಟಾಗಿ ತೇಲಿಸಿಕೊಂಡು ಕುಡಿಯುತ್ತಾರಲ್ಲ, ಅವರ ಮೇಲೆ ನನಗೆ ಕರುಣೆ. ಕಪ್ಪಿನ ತಳದಲ್ಲೇ ಎರಡು ಚಮಚ ಕೋಕೋ, ಸಕ್ಕರೆ, ಚಿಟಿಕೆ ಉಪ್ಪು ಹಾಕಿ. ಎರಡೇ ಚಮಚ ಬಿಸಿ ಹಾಲು ಹಾಕಿ ಅರೆಯಿರಿ. ಹೊಳೆಯುವ ಕಪ್ಪು ಲೇಹ್ಯ ಆಗಬೇಕು, ಚಮಚ ಎತ್ತಿದರೆ ಪಟ್ಟಿಯಾಗಿ ಇಳಿಯಬೇಕು. ಆಮೇಲೆ ಉಳಿದ ಹಾಲು. ಉಪ್ಪು ಯಾಕೆ ಅಂದರೆ ಕಹಿಯನ್ನು ಅದು ಹಿಂದಕ್ಕೆ ತಳ್ಳುತ್ತದೆ, ಸಕ್ಕರೆ ಕಮ್ಮಿ ಸಾಕಾಗುತ್ತದೆ. ಮಂದ ಬೇಕಾದವರು ಪಾತ್ರೆಯಲ್ಲಿ ಅರ್ಧ ಚಮಚ ಜೋಳದ ಪಿಷ್ಟ ಸೇರಿಸಿ ಒಂದು ಕುದಿ ಬರಿಸಿ. ಮಂದ ಇದ್ದಷ್ಟೂ ನಿಧಾನ ಆರುತ್ತದೆ, ನನಗೆ ಬೇಕಾದದ್ದೂ ಅದೇ, ಎದ್ದು ಹೋಗಿ ಇನ್ನೊಮ್ಮೆ ಬಿಸಿ ಮಾಡುವ ಕಷ್ಟ ತಪ್ಪುತ್ತದೆ.

ಕತ್ತರಿ ಕಾಗದ:

ಬೆಕ್ಕಿನವರ ಬಾಯಲ್ಲೇ ಅರೆಯಿರಿ, ಕುದಿಸಿರಿ ಅನ್ನುವ ಮಾತು ಬಂತಲ್ಲ!

ಮೇಲೆ ಹೇಳಲು ಮರೆತೆ. ಹಿಮದ ಹರಳಿನ ಫೋಟೊಗಳಿಗೆ ಹೆಸರಾದವನು ವಿಲ್ಸನ್ ಬೆಂಟ್ಲಿ ಅನ್ನುವ ಅಮೆರಿಕದ ಒಬ್ಬ ರೈತ, ಮೊದಲನೆಯದನ್ನು ತೆಗೆದದ್ದು 1885ರ ಜನವರಿಯಲ್ಲಿ. ಮೈಕ್ರೋಸ್ಕೋಪಿಗೆ ಕ್ಯಾಮೆರಾ ಕಟ್ಟಿ, ಬಿಸಿ ಇಲ್ಲದ ಕೊಟ್ಟಿಗೆಯಂಥ ಜಾಗದಲ್ಲಿ, ಉಸಿರು ತಾಗಿದರೂ ಕರಗುವ ಹರಳನ್ನು ಉಸಿರು ಬಿಗಿಹಿಡಿದು ತೆಗೆಯುತ್ತಿದ್ದ. ಸಾಯುವ ಹೊತ್ತಿಗೆ 5000ಕ್ಕೂ ಜಾಸ್ತಿ ತೆಗೆದಿದ್ದ. ಜಪಾನಿನ ಉಕಿಚಿರೊ ನಾಕಾಯಾ 1936ರಲ್ಲಿ ಪ್ರಯೋಗಾಲಯದಲ್ಲೇ ಹರಳು ಬೆಳೆಸಿದ, ಮೊಲದ ಕೂದಲಿನ ತುದಿಯ ಮೇಲೆ. ಬೇರೆ ದಾರ, ರೇಷ್ಮೆ ಎಲ್ಲಾ ನೋಡಿ ಕೊನೆಗೆ ಕೈಹಿಡಿದದ್ದು ಮೊಲದ ಕೂದಲು. ಕೈಗೆ ಕೆಲಸ ಬೇಕು ಅಂದವರ ಪೈಕಿ ಇವರೂ ಇದ್ದರು ಅಂತ ಹೇಳಿದೆ ಅಷ್ಟೇ.

ಹೊಸ ಮೇಣ:

ಇಲ್ಲಿಗೆ ಮೊದಲ ಸಲ ಬರೆಯುತ್ತಿದ್ದೇನೆ. ಚಳಿಗೆ ಎಲ್ಲರ ತುಟಿಯೂ ಒಡೆದಿರುತ್ತದಲ್ಲ, ಅದಕ್ಕೆ ಮುಲಾಮು ಹತ್ತು ನಿಮಿಷದ ಕೆಲಸ. ತುರಿದ ಜೇನುಮೇಣ ಒಂದು ಪಾಲು, ಕೊಬ್ಬರಿ ಎಣ್ಣೆ ಅಥವಾ ಬಾದಾಮಿ ಎಣ್ಣೆ ಮೂರು ಪಾಲು. ನೇರ ಉರಿಗೆ ಇಡಬೇಡಿ, ಬಿಸಿನೀರಿನ ಪಾತ್ರೆಯೊಳಗೆ ಬಟ್ಟಲು ಇಟ್ಟು ಕರಗಿಸಿ. ಜೇನುಮೇಣ 62ರಿಂದ 64 ಡಿಗ್ರಿಗೆ ಕರಗುತ್ತದೆ, ಹಾಗಾಗಿ ನೀರು ಕುದಿಯುವುದೂ ಬೇಡ. ಹದ ನೋಡಲು ಒಂದು ಚಮಚವನ್ನು ಫ್ರಿಜ್ಜಿನಲ್ಲಿ ಇಟ್ಟಿರಿ, ಅದರ ಮೇಲೆ ಒಂದು ಹನಿ ಬಿಡಿ. ಕಲ್ಲಾದರೆ ಎಣ್ಣೆ, ಜಾರಿದರೆ ಮೇಣ. ಪಂಡಿತರ ತಣ್ಣೀರಿನ ಪರೀಕ್ಷೆ ಓದಿ ಇದು ನೆನಪಾಯಿತು. ಘಮಕ್ಕೆ ಅಂತ ನಿಂಬೆ ಜಾತಿಯ ಎಣ್ಣೆ ಹಾಕಬೇಡಿ, ಅಂಥ ಕೆಲವನ್ನು ಹಚ್ಚಿಕೊಂಡು ಬಿಸಿಲಿಗೆ ಹೋದರೆ ಚರ್ಮ ಸುಟ್ಟಂತೆ ಆಗುತ್ತದೆ.

ಬೆಚ್ಚನೆಯ ಮೂಲೆ:

ವರದಿ ಒಪ್ಪಿಸುತ್ತಿದ್ದೇನೆ. ಮಫ್ಲರ್ 11 ಇಂಚು ಆಗಿದೆ. 20 ಕುಣಿಕೆ ಒಂದು ಹಂತದಲ್ಲಿ 26 ಆಗಿತ್ತು, ಬಿಚ್ಚಿದೆ, ಅಳಲಿಲ್ಲ. ಹಿಮಹೂವು ಮೂರು ಮಾಡಿದೆ. ಮೊದಲನೆಯದು ಚೂರು ಚೂರಾಯಿತು, ಎರಡನೆಯದಕ್ಕೆ ಐದೂವರೆ ಮೂಲೆ ಬಂತು. ಅದು ಹೇಗೆ ಸಾಧ್ಯ ಅಂತ ಕೆಪ್ಲರ್‌ನನ್ನೇ ಕೇಳಬೇಕು. ಮೂರನೆಯದು ಕಿಟಕಿಯಲ್ಲಿದೆ.

ಮಿಠಾಯಿ ಬಂತು! ನಿಂಬೆ ಹಾಕಿದೆ, ಸೌಟನ್ನು ನಿಜವಾಗಿಯೂ ಮಲಗುವ ಕೋಣೆಯಲ್ಲಿಟ್ಟು ಬಂದೆ. ಗುಳ್ಳೆ ಸಣ್ಣದಾಗುವುದನ್ನು ನೋಡುತ್ತಾ ನಿಂತಿದ್ದೆ, ಬಣ್ಣ ಏನೂ ಇಲ್ಲ, ಏನೂ ಇಲ್ಲ, ಆಮೇಲೆ ಒಂದು ಅಂಚಿನಿಂದ ಚಿನ್ನದ ಬಣ್ಣ ನುಗ್ಗಿ ಬಂತು. ತಣ್ಣೀರಿಗೆ ಬಿಟ್ಟ ಹನಿ ಟಕ್ ಅಂತು. ಸೋಡಾ ಹಾಕಿದಾಗ ಬುಸ್ ಅಂದದ್ದಕ್ಕೆ ನಾನು ಒಂದು ಹೆಜ್ಜೆ ಹಿಂದೆ ಹಾರಿದ್ದು ಸತ್ಯ. ಈಗ ಡಬ್ಬಿ ಅರ್ಧ ಖಾಲಿ. ಪಕ್ಕದ ಮನೆಯವರು ಏನು ಘಮ ಘಮ ಅಂತ ಕೇಳಿದರು, ಅವರಿಗೆ ಕೊಟ್ಟಿದ್ದು ಕಾಲು ಭಾಗ, ಉಳಿದ ಕಾಲು ಭಾಗದ ಲೆಕ್ಕ ಕೇಳಬೇಡಿ.

ಒಂದೇ ಸಂಕಟ. ಪಾತ್ರೆ ತಳದಲ್ಲಿ ಪಾಕ ಕಲ್ಲಾಗಿ ಕೂತಿದೆ. ಚಾಕು ಹಾಕಿ ಕೆತ್ತಿದೆ, ಚಾಕುವಿನ ಮೊನೆ ಬಾಗಿತು.

ಪಾಕದ ಪಂಡಿತ:

ಕೆತ್ತಬೇಡಿ ಮಾರಾಯರೇ! ಅದು ಬರೀ ಸಕ್ಕರೆ. ಪಾತ್ರೆ ತುಂಬಾ ನೀರು ಹಾಕಿ ಒಲೆ ಮೇಲಿಡಿ, ಸೌಟು, ಚಮಚ, ಥರ್ಮಾಮೀಟರ್ ಎಲ್ಲಾ ಅದರಲ್ಲೇ ಮುಳುಗಿಸಿ. ಒಂದು ಕುದಿಗೆ ಎಲ್ಲಾ ಕರಗಿ ಹೋಗುತ್ತದೆ.

ಬೆಚ್ಚನೆಯ ಮೂಲೆ:

ಇಟ್ಟಿದ್ದೇನೆ. ಕುದಿಯುತ್ತಿದೆ. ಹಬೆಗೆ ಕೈ ಹಿಡಿದುಕೊಂಡು ನಿಂತಿದ್ದೇನೆ, ಒಂದು ಕೈಯಲ್ಲೇ ಟೈಪ್ ಮಾಡುತ್ತಿರುವುದು. ಸೌಟು ಎಲ್ಲಿ ಅಂತ ಐದು ನಿಮಿಷ ಅಡುಗೆಮನೆಯೆಲ್ಲಾ ಹುಡುಕಿದೆ.

ಸೋಮಾರಿ ಬೆಕ್ಕು:

ಮಲಗುವ ಕೋಣೆಯಲ್ಲಿದೆ.